ಅತ್ತೆಯ ಎಡಗೈ ಮುಷ್ಟಿ

ನನ್ನ ಅತ್ತೆಯ ಹೊಟ್ಟೆಯಲ್ಲಿ ಗೆಡ್ಡೆ ಬೆಳೆದಿದೆ ಎಂದು ಗೊತ್ತಾದಾಗ ನಮ್ಮ ಮನೆಯಲ್ಲಿ ಹೆದರದೆ ಇದ್ದವರು ಅತ್ತೆ ಒಬ್ಬರೇ. ಮಾವ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರಿ. ಸಂತೆಯ ದಿನವೂ ಮಂಡಿಯ ಕಡೆ ತಲೆ ಹಾಕದೆ ಜಗಲಿಯಲ್ಲಿ ಕೂತು ನಿಟ್ಟುಸಿರು ಬಿಡತೊಡಗಿದರು. ನನ್ನ ಗಂಡ ತಾಯಿಯ ಮುಖ ನೋಡಿದಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಅತ್ತೆ ಮಾತ್ರ, "ನನ್ನೊಟ್ಟೆ, ನನ್ ಗೆಡ್ಡೆ. ನಿಮಗ್ಯಾಕಪ್ಪ ಅಳು?" ಎಂದು ಗದರಿಸಿ ರಾಗಿ ಕೇರಲು ಮೊರ ಎತ್ತಿಕೊಳ್ಳುತ್ತಿದ್ದರು.

ಅದು ಯುದ್ಧದ ಕಾಲ. ಹಾಸನದಲ್ಲಿ ಕ್ರೈಸ್ತ ಮಿಷನ್ನಿನವರು ನಡೆಸುತ್ತಿದ್ದ ಹೆಂಗಸರ ಆಸ್ಪತ್ರೆ ಇತ್ತು. ಅಲ್ಲಿನ ಬಿಳಿಯ ಡಾಕ್ಟರಮ್ಮ ಹೊಟ್ಟೆ ಕೊಯ್ದು ಗೆಡ್ಡೆ ತೆಗೆಯುತ್ತಾರೆ, ತೆಗೆಸಿಕೊಂಡವರು ಬದುಕುತ್ತಾರೆ ಎಂದು ಊರಲ್ಲೆಲ್ಲ ಸುದ್ದಿ. ಜೊತೆಗೆ ಇನ್ನೊಂದು ಸುದ್ದಿಯೂ ಇತ್ತು: ಒಳಗೆ ಹೋದವರು ಜಾತಿ ಕೆಡಿಸಿಕೊಂಡು ಹೊರಗೆ ಬರುತ್ತಾರೆ ಎಂದು. ಮಾವ ಈ ಎರಡನೆಯದನ್ನು ಬಾಯಿಬಿಟ್ಟು ಹೇಳಿದಾಗ ಅತ್ತೆ ನಕ್ಕುಬಿಟ್ಟರು.

"ಇಷ್ಟು ವರ್ಸ ಸಂಸಾರ ಮಾಡಿ ನಿಮ್ ಕೈಲೇ ನನ್ನ ಬದಲಾಯಿಸಾಕೆ ಆಗ್ನಿಲ್ಲ. ಆ ಬಿಳೀ ಎಂಗ್ಸು ಏನ್ ಮಾಡಾಳು?"

ಮಾವ ಎದ್ದು ಹಾಸನದ ಬಸ್ಸು ವಿಚಾರಿಸಲು ಹೊರಟರು. ಮದುವೆಯಾಗಿ ಆ ಮನೆಗೆ ಬಂದ ಹೊಸತರಲ್ಲೇ ನಾನು ಕಲಿತ ಪಾಠವೆಂದರೆ ಅತ್ತೆಯ ಜೊತೆ ವಾದಕ್ಕೆ ಇಳಿಯಬಾರದು, ಇಳಿದರೆ ಅಡುಗೆಗೆ ಹೊತ್ತಾಗುತ್ತದೆ.

ಪೆಟ್ರೋಲಿಗೆ ಬರ ಬಂದಿದ್ದರಿಂದ ಆಗ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಹಿಂದೆ ಒಂದು ದೊಡ್ಡ ಒಲೆಯಂಥ ಡಬ್ಬ, ಅದರ ಗಾಳಿಚಕ್ರ ತಿರುವಲು ಒಬ್ಬ ಆಳು. ಏರು ಬಂದರೆ ಎಲ್ಲರೂ ಇಳಿದು ನಡೆಯಬೇಕು. ರೋಗಿಯನ್ನಾದರೂ ಕೂರಿಸಿಕೊಳ್ಳಿ ಎಂದು ನನ್ನ ಗಂಡ ಗೋಗರೆಯುತ್ತಿರುವಾಗಲೇ ಅತ್ತೆ ಇಳಿದು ಸೀರೆ ಎತ್ತಿ ಕಟ್ಟಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು. ಹಾಸನ ಮುಟ್ಟಿದಾಗ ನಮ್ಮ ಮೂಗಿನ ಹೊಳ್ಳೆಗಳೆಲ್ಲ ಕಪ್ಪಾಗಿದ್ದವು. ಡಾಕ್ಟರಮ್ಮ ಮೊದಲು ನಮ್ಮೆಲ್ಲರಿಗೂ ಮುಖ ತೊಳೆಯಲು ಹೇಳಿದರು, ಆಮೇಲೆ ಹೊಟ್ಟೆ ನೋಡಿದರು.

ಡಾಕ್ಟರಮ್ಮ ಎತ್ತರದ ಹೆಂಗಸು, ಮುಂಗೋಪಿ, ಬಿಸಿಲಿಗೆ ಟೊಮೇಟೊ ಹಣ್ಣಿನಂತೆ ಕೆಂಪಾಗುತ್ತಿದ್ದರು. ಕನ್ನಡವನ್ನು ಪುಸ್ತಕ ಓದಿ ಕಲಿತಿದ್ದರು. "ಅಮ್ಮನವರೇ, ನಿಮ್ಮ ಉದರದಲ್ಲಿ ಗಡ್ಡೆಯು ಇರುತ್ತದೆ. ಅದನ್ನು ಶೀಘ್ರವಾಗಿ ತೆಗೆಯತಕ್ಕದ್ದು" ಎಂದರು. ಅತ್ತೆ ನನ್ನ ಕಡೆ ತಿರುಗಿ, "ಏನಂತೆ? ಅರಿಕತೆ ಮಾಡ್ತಾವ್ಳಾ?" ಎಂದು ಕೇಳಿದರು. ಡಾಕ್ಟರಮ್ಮನಿಗೆ ಅದು ಅರ್ಥವಾಯಿತು ಎಂಬುದು ಅವರ ಮುಖ ಇನ್ನಷ್ಟು ಕೆಂಪಾದಾಗ ನನಗೆ ತಿಳಿಯಿತು.

ರಕ್ತ ಕಡಿಮೆಯಿದೆ, ಕೆಲವು ದಿನ ಇಲ್ಲೇ ಇದ್ದು ಮೈ ಸುಧಾರಿಸಲಿ, ಆಮೇಲೆ ಆಪರೇಷನ್ ಎಂದು ಮಂಚ ಕೊಟ್ಟರು. ನಾನು ಜೊತೆಗೆ ಉಳಿದೆ. ಆಸ್ಪತ್ರೆಯ ಹಿಂದೆ ರೋಗಿಗಳ ಕಡೆಯವರಿಗೆ ಅಡುಗೆ ಮಾಡಿಕೊಳ್ಳಲು ಒಂದು ಚಪ್ಪರ. ಅಲ್ಲಿ ಒಂದೊಂದು ಜಾತಿಗೆ ಒಂದೊಂದು ಒಲೆ, ಆದರೆ ಹೊಗೆ ಮಾತ್ರ ಎಲ್ಲರದೂ ಒಂದೇ. ಪಕ್ಕದಲ್ಲಿ ಹಗ್ಗಕ್ಕೆ ಉದ್ದುದ್ದ ಬ್ಯಾಂಡೇಜು ಬಟ್ಟೆಗಳನ್ನು ಒಣಹಾಕುತ್ತಿದ್ದರು. ಯುದ್ಧದಿಂದಾಗಿ ಹೊಸ ಬಟ್ಟೆ ಸಿಗದೆ, ಬಿಚ್ಚಿದ್ದನ್ನೇ ಕುದಿಸಿ, ಒಗೆದು, ಸುತ್ತಿಟ್ಟು ಮತ್ತೆ ಕಟ್ಟುತ್ತಿದ್ದರು. ಅತ್ತೆ ಕಿಟಕಿಯಿಂದ ದಿನವೂ ಅದನ್ನು ನೋಡುತ್ತಿದ್ದರು. ಈ ನೋಟ ಮುಂದೆ ನಮಗೆ ಎಷ್ಟು ತೊಂದರೆ ಕೊಡುತ್ತದೆಂದು ಗೊತ್ತಿದ್ದರೆ ನಾನು ಮಂಚವನ್ನು ಬೇರೆ ಕಡೆ ಹಾಕಿಸುತ್ತಿದ್ದೆ.

ಆಸ್ಪತ್ರೆಯಲ್ಲಿ ಅತ್ತೆಗೆ ಸರಿಸಮಾನವಾಗಿ ಸಿಕ್ಕವರು ಕತೆಯಮ್ಮ. ಅವರ ನಿಜವಾದ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಮಿಷನ್ನಿನವರು ಅವರನ್ನು ಇಟ್ಟುಕೊಂಡಿದ್ದು ಮಂಚದಿಂದ ಮಂಚಕ್ಕೆ ಹೋಗಿ ತಮ್ಮ ಶಾಸ್ತ್ರದ ಕತೆಗಳನ್ನು ಹೇಳುವುದಕ್ಕೆ. ಬಿಳಿ ಸೀರೆ, ಬೋಳು ಹಣೆ, ಕಂಕುಳಲ್ಲಿ ಕಪ್ಪು ರಟ್ಟಿನ ಪುಸ್ತಕ. ಕೊಣನೂರಿನ ಕಡೆಯವರು. ಚಿಕ್ಕಂದಿನಲ್ಲೇ ಗಂಡ ಸತ್ತು, ಮನೆಯ ಮೂಲೆಯಲ್ಲಿ ಕೊಳೆಯುತ್ತಿದ್ದಾಗ ಮಿಷನ್ನಿನವರ ಜೊತೆ ಸೇರಿದರಂತೆ. ತವರಿನವರು ಇವಳು ಸತ್ತಳೆಂದು ಕಾವೇರಿಯಲ್ಲಿ ಸೂತಕದ ಮುಳುಗು ಹಾಕಿ ಬಂದುಬಿಟ್ಟರಂತೆ. ಆಮೇಲೆ ಕತೆಯಮ್ಮ ಆ ಊರಿನ ಬಸ್ಸು ಹತ್ತಿದವರೇ ಅಲ್ಲ. ಆಸ್ಪತ್ರೆಯ ಹಿಂದಿನ ಒಂದು ಕೋಣೆಯೇ ಅವರ ಮನೆ.

ಮೊದಲ ದಿನ ಅವರು ಬಂದು ಮಂಚದ ಬಳಿ ಕೂತಾಗ ಅತ್ತೆ ಗೋಡೆಯ ಕಡೆ ಹೊರಳಿದರು. ಕತೆಯಮ್ಮ ಏನೂ ಬೇಸರಪಡದೆ ಬೆನ್ನಿಗೇ ಕತೆ ಶುರುಮಾಡಿದರು. ಒಬ್ಬ ಕುರುಬ, ದೊಡ್ಡ ಮಂದೆ. ಒಂದು ಕುರಿ ಕಳೆದುಹೋಯಿತು. ಅವನು ಮಂದೆಯನ್ನು ಬಿಟ್ಟು ಆ ಒಂದನ್ನೇ ಹುಡುಕಿಕೊಂಡು ಕಾಡುಮೇಡು ಅಲೆದು, ಸಿಕ್ಕಿದಾಗ ಹೆಗಲ ಮೇಲೆ ಹೊತ್ತು ತಂದ. ದೇವರು ಹಾಗೆ, ಎಂದು ಕತೆಯಮ್ಮ ಮುಗಿಸಿದರು.

ಅತ್ತೆ ಸರಕ್ಕನೆ ಈ ಕಡೆ ಹೊರಳಿದರು. ಅವರ ತವರು ಹಳ್ಳಿಮೈಸೂರು. ಗೊಬ್ಬರಕ್ಕೆಂದು ರಾತ್ರಿಯೆಲ್ಲ ಹೊಲದಲ್ಲಿ ಕುರಿಮಂದೆ ತರುಬಿಸುವ ಮನೆತನ. ಕುರಿಯ ವಿಷಯದಲ್ಲಿ ಅವರಿಗೆ ಯಾರೂ ಟೋಪಿ ಹಾಕುವಂತಿರಲಿಲ್ಲ.

"ಅಲ್ಲ ಕಣಮ್ಮ, ಮಂದೇನ ಯಾರ್ ತಾವ ಬುಟ್ಟು ಓದ ಅವನು?"

"ಅದು... ಹಾಗೇ ಬಿಟ್ಟು ಹೋದ."

"ಅಂಗೇ ಬುಟ್ಟು ಓಗಾಕೆ ಅವನಿಗೇನ್ ತಲೆ ಕೆಟ್ಟಿತ್ತಾ? ತ್ವಾಳ ಬಂದ್ರೆ? ಒಂದು ಕುರಿಗೋಸ್ಕರ ಇಡೀ ಮಂದೆ ಕಳಕೊಂಡ್ರೆ ಗೌಡ ಬುಟ್ಟಾನಾ ಅವನ್ನ? ಆ ಉಳ್ದ ಕುರಿ ಏನಾದ್ವು, ಅದ್ನ ಯೇಳು ಮೊದ್ಲು."

ಕತೆಯಮ್ಮ ಪುಸ್ತಕ ತೆರೆದು ನೋಡಿದರು. ಅದರಲ್ಲಿ ಆ ಸಂಗತಿ ಇರಲಿಲ್ಲ. "ವಿಚಾರಿಸಿ ಹೇಳ್ತೀನಿ" ಎಂದು ಎದ್ದು ಹೋದರು. ಅಂದಿನಿಂದ ದಿನಾ ಸಂಜೆ ಬರುತ್ತಿದ್ದರು, ಬೇರೆ ಬೇರೆ ಕತೆ ಹೇಳುತ್ತಿದ್ದರು. ಅತ್ತೆ ಎಲ್ಲವನ್ನೂ ಬಾಯಿಬಿಟ್ಟುಕೊಂಡು ಕೇಳಿ, ಕೊನೆಗೆ "ಅದಿರ್ಲಿ, ಕುರಿ ಏನಾದ್ವು?" ಎನ್ನುತ್ತಿದ್ದರು. ವಾರ್ಡಿನ ಹೆಂಗಸರೆಲ್ಲ ಕಾದಿದ್ದು ನಗುತ್ತಿದ್ದರು. ಒಮ್ಮೆ ಕತೆಯಮ್ಮ ಅತ್ತೆಯ ಎದೆಯ ಮೇಲೆ ತೂಗುತ್ತಿದ್ದ ಲಿಂಗದ ಕರಡಿಗೆಯನ್ನು ತೋರಿಸಿ, "ಕಲ್ಲಿಗೆ ಕಿವಿ ಇದ್ಯಾ ಅಮ್ಮ?" ಎಂದು ಕೇಳಿದರು. "ನಿನ್ ಪುಸ್ತಕಕ್ಕೆ ಇದ್ಯಾ?" ಎಂದರು ಅತ್ತೆ. ಇಬ್ಬರೂ ಜಗಳವಾಡಿದಷ್ಟು ಹೊತ್ತೂ ಅತ್ತೆಗೆ ಹೊಟ್ಟೆನೋವು ನೆನಪಾಗುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದೆ.

ಆಪರೇಷನ್ನಿನ ಹಿಂದಿನ ದಿನ ನಿಜವಾದ ಜಗಳ ಬಂತು.

ನಾವು ಲಿಂಗವಂತರು. ದೀಕ್ಷೆಯ ದಿನ ಗುರು ಕೊಟ್ಟ ಲಿಂಗ ಸಾಯುವವರೆಗೂ ಮೈಮೇಲಿರಬೇಕು, ಮಣ್ಣಿಗೂ ಜೊತೆಯಲ್ಲೇ ಹೋಗಬೇಕು. ಅದು ಮೈ ಬಿಟ್ಟರೆ ಬದುಕಿದ್ದೂ ಸತ್ತಂತೆ. ಆಪರೇಷನ್ ಕೋಣೆಯೊಳಗೆ ಕುದಿಸದ ಒಂದು ದಾರವೂ ಬರಕೂಡದು ಎಂಬುದು ಡಾಕ್ಟರಮ್ಮನ ಕಟ್ಟಳೆ. ನರ್ಸು ಬಂದು ಬಳೆ, ಓಲೆ, ಕರಡಿಗೆ ಎಲ್ಲ ಬಿಚ್ಚಿಡಿ ಎಂದಳು. ಅತ್ತೆ ಬಳೆ ಬಿಚ್ಚಿದರು, ಓಲೆ ಬಿಚ್ಚಿದರು, ಆಮೇಲೆ ಹಾಸಿಗೆ ಸುತ್ತಲು ಶುರುಮಾಡಿದರು.

"ಯಾಕೆ?" ಎಂದೆ.

"ಮನೆಗೆ ನಡಿ. ಲಿಂಗ ಬುಟ್ಟು ಉಳ್ಕೊಳೋ ಜೀವ ನಂಗ್ ಬ್ಯಾಡ."

ಡಾಕ್ಟರಮ್ಮ ಧಾವಿಸಿ ಬಂದರು. ತಡಮಾಡಿದರೆ ಪ್ರಾಣ ಹೋಗುತ್ತದೆ ಎಂದರು. ಲಿಂಗ ಹೋದರೂ ಹೋಗುತ್ತದೆ ಎಂದರು ಅತ್ತೆ. ಕುದಿಸಿ ಕೊಡುತ್ತೇವೆ ಎಂದರು ಡಾಕ್ಟರಮ್ಮ. ಲಿಂಗಕ್ಕೆ ಮೆತ್ತಿದ ಕಪ್ಪು ಕಂತಿ ಕರಗಿಹೋಗುತ್ತದೆ, ಅದೇನು ಗೆಣಸೇ ಬೇಯಿಸಲು, ಎಂದರು ಅತ್ತೆ. ಇಬ್ಬರು ಹಟಮಾರಿಗಳ ನಡುವೆ ನಾನು ನಿಂತು ಅಳುತ್ತಿದ್ದೆ. ಅತ್ತೆ ಸತ್ತುಹೋಗುತ್ತಾರೆ ಎಂಬ ಭಯ ಆ ಸಂಜೆ ನನಗೆ ಮೊದಲ ಸಲ ನಿಜವಾಗಿ ತಟ್ಟಿತು. ದಿನಾ ಬೈಸಿಕೊಂಡರೂ ಆಕೆಯ ಮೇಲೆ ಅಷ್ಟು ಪ್ರೀತಿ ಬೆಳೆದುಬಿಟ್ಟಿದೆ ಎಂದು ನನಗೇ ಗೊತ್ತಿರಲಿಲ್ಲ.

ಡಾಕ್ಟರಮ್ಮ ಸಿಡುಕಿಕೊಂಡು ಹೋದರು. ಅವರಿಗೂ ಅದು ಸುಲಭದ ಮಾತಾಗಿರಲಿಲ್ಲ. ಸಮುದ್ರ ದಾಟಿ ಬಂದದ್ದು ತಮ್ಮ ದೇವರನ್ನು ಹೇಳುವುದಕ್ಕೆ. ಈಗ ಇನ್ನೊಬ್ಬರ ದೇವರಿಗೆ ತಮ್ಮ ಆಪರೇಷನ್ ಕೋಣೆಯಲ್ಲಿ ಜಾಗ ಮಾಡಿಕೊಡಬೇಕಾಗಿತ್ತು. ಕೋಣೆಯ ಮುಂದೆ ಶತಪಥ ಹಾಕುತ್ತಿದ್ದವರು ತಟ್ಟನೆ ನಿಂತು, ತಿರುಗಿ ಬಂದು ಕೇಳಿದರು:

"ನೀವು ಪೂಜೆ ಮಾಡುವಾಗ ಇದನ್ನು ಎಲ್ಲಿ ಇಡುತ್ತೀರಿ?"

ಅತ್ತೆ ಎಡಗೈ ಚಾಚಿ ಅಂಗೈ ತೋರಿಸಿದರು.

"ಸರಿ. ನನಗೆ ನಿಮ್ಮ ಎಡಗೈ ಬೇಡ. ಉದರ ಮಾತ್ರ ಸಾಕು. ಆ ಕೈಯನ್ನು ದೂರಕ್ಕೆ ಚಾಚಿಸಿ ಮುಸುಕು ಹಾಕುತ್ತೇನೆ. ಮುಷ್ಟಿಗೆ ಬ್ಯಾಂಡೇಜು ಸುತ್ತುತ್ತೇವೆ."

ಅತ್ತೆಯ ಮುಖ ಅರಳಿ ಮತ್ತೆ ಮುದುಡಿತು. ಕಿಟಕಿಯ ಕಡೆ ಬೆರಳು ತೋರಿಸಿ, "ಆ ಬಟ್ಟೆನಾ? ಯಾರ್ಯಾರ್ ಹುಣ್ಣಿಗೆ ಸುತ್ತಿದ್ದೋ! ನನ್ ಲಿಂಗಕ್ಕಾ?" ಎಂದರು. ಮನೆಯ ಬಟ್ಟೆ ತಂದರೂ ಅದೇ ಹಂಡೆಯಲ್ಲಿ ಕುದಿಸಬೇಕು, ಅದೂ ಆಗದು. ಬಟ್ಟೆಯಿಲ್ಲದೆ ಹೋದರೆ ಔಷಧಿಯ ಮಂಪರಿನಲ್ಲಿ ಬೆರಳು ಸಡಿಲಾಗಿ ಲಿಂಗ ನೆಲಕ್ಕೆ ಬೀಳುತ್ತದೆ. ಹಾಗಾದರೆ ಯಾರಾದರೂ ಮುಷ್ಟಿಯನ್ನು ಬಿಗಿಯಾಗಿ ಹಿಡಿದಿರಬೇಕು. ಗಂಡಸರು ಒಳಗೆ ಬರುವಂತಿಲ್ಲ. ಅತ್ತೆಯೂ ಡಾಕ್ಟರಮ್ಮನೂ ಒಟ್ಟಿಗೆ ನನ್ನ ಕಡೆ ನೋಡಿದರು. ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಆ ಒಂದು ವಿಷಯದಲ್ಲೇ.

ಮರುದಿನ ಬೆಳಿಗ್ಗೆ ಅತ್ತೆ ಮಂಚದ ಮೇಲೆ ಕೂತು ಪೂಜೆ ಮಾಡಿ, ಲಿಂಗವನ್ನು ಎಡಗೈ ಮುಷ್ಟಿಯಲ್ಲಿ ಹಿಡಿದುಕೊಂಡರು. ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಕಾದರು. ಒಳಗೆ ಹೋದ ಮೇಲೆ ಡಾಕ್ಟರಮ್ಮ, ನರ್ಸುಗಳು, ಕತೆಯಮ್ಮ ತಲೆಬಾಗಿ ಪ್ರಾರ್ಥನೆ ಮಾಡಿದರು. ಪ್ರತಿ ಆಪರೇಷನ್ನಿಗೂ ಮೊದಲು ಹಾಗೆ ಮಾಡುವುದು ಅಲ್ಲಿನ ಪದ್ಧತಿ. ಆಗ ಅತ್ತೆ ಅಷ್ಟೇ ಮರ್ಯಾದೆಯಿಂದ ಕಾದರು. "ಆಯ್ತಾ ನಿಮ್ದು? ಇನ್ ಕುಯ್ಯಿ" ಎಂದರು.

ಮಂಪರು ಬರುವವರೆಗೆ ರೋಗಿಯ ತಲೆಯ ಬಳಿ ನಿಂತು ಧೈರ್ಯ ಹೇಳುವುದು ಕತೆಯಮ್ಮನ ಕೆಲಸ. ನಾನು ಕುದಿಸಿದ ನಿಲುವಂಗಿ ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅತ್ತೆಯ ಎಡಗೈ ಮುಷ್ಟಿಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದು ನಿಂತೆ. "ಗೋಡೆಯನ್ನೇ ನೋಡತಕ್ಕದ್ದು, ಇತ್ತ ನೋಡಕೂಡದು" ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಅತ್ತೆಯ ಬಾಯಲ್ಲಿ ಶಿವ ಶಿವ ನಿಧಾನವಾಗಿ ನಿಂತುಹೋಯಿತು. ಮುಷ್ಟಿ ನನ್ನ ಕೈಯೊಳಗೆ ಮೆತ್ತಗಾಯಿತು. ನಾನು ಗೋಡೆಯನ್ನು ನೋಡಿದೆ. ಸುಣ್ಣ ಬಳಿದ ಗೋಡೆಯಲ್ಲಿ ನೋಡುವುದಕ್ಕೆ ಏನಿರುತ್ತದೆ? ಸ್ವಲ್ಪ ಹೊತ್ತಿನ ಮೇಲೆ, ಒಂದೇ ಒಂದು ಸಲ, ಈ ಕಡೆ ನೋಡಿಬಿಟ್ಟೆ.

ಕಿವಿಯಲ್ಲಿ ಜೀರುಂಡೆ ಕೂಗಿದಂತಾಯಿತು. ಗೋಡೆ ಓರೆಯಾಯಿತು. "ಕೈ... ಅತ್ತೆ ಕೈ" ಎಂದಷ್ಟೇ ನಾನು ಕೂಗಿದ್ದು. ನರ್ಸುಗಳ ಕೈತುಂಬ ಕೆಲಸ. ನನ್ನ ಹಿಡಿತ ಬಿಡುವುದಕ್ಕೂ ಎರಡು ಕಪ್ಪು ಕೈಗಳು ಬಂದು ಆ ಮುಷ್ಟಿಯನ್ನು ಮುಚ್ಚಿ ಹಿಡಿಯುವುದಕ್ಕೂ ಸರಿಹೋಯಿತು. ಕತೆಯಮ್ಮನ ಕೈಗಳು.

ಆಯಾ ನನ್ನನ್ನು ದರದರ ಎಳೆದುಕೊಂಡು ಹೋಗಿ ವರಾಂಡದಲ್ಲಿ ಮಲಗಿಸಿ ಮುಖಕ್ಕೆ ನೀರು ಎರಚಿದಳು. ಎದ್ದು ಬಾಗಿಲ ಗಾಜಿನಲ್ಲಿ ಇಣುಕಿದಾಗ ಕತೆಯಮ್ಮ ಅಲ್ಲೇ ನಿಂತಿದ್ದರು. ಕಣ್ಣು ಮುಚ್ಚಿತ್ತು, ತುಟಿ ಆಡುತ್ತಿತ್ತು. ಇಷ್ಟು ವರ್ಷ ಮಂಚದಿಂದ ಮಂಚಕ್ಕೆ ಹೋಗಿ ಯಾವುದನ್ನು ಕಲ್ಲು, ಬಿಡಿ ಬಿಡಿ ಎಂದು ಹೇಳುತ್ತಿದ್ದರೋ ಅದು ಜಾರದಂತೆ ಆ ಹೆಂಗಸು ಗೆಡ್ಡೆ ಹೊರಬಂದು ಹೊಟ್ಟೆ ಹೊಲಿಯುವವರೆಗೂ ಅಲುಗಾಡದೆ ಹಿಡಿದಿದ್ದರು. ನನಗೆ ದುಃಖ ಒತ್ತರಿಸಿ ಬಂದು ಅಳತೊಡಗಿದೆ. ಆಯಾ ಮತ್ತೆ ನೀರು ಎರಚಿದಳು.

ಎಚ್ಚರವಾದಾಗ ಅತ್ತೆ ಮೊದಲು ಬಿಚ್ಚಿ ನೋಡಿದ್ದು ಅಂಗೈಯನ್ನು. ಲಿಂಗ ಇತ್ತು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಲಿಂಗವನ್ನು ಕರಡಿಗೆಗೆ ಸೇರಿಸಿ, "ನಿಂಗೆ ಗೋಡೆ ನೋಡು ಅಂದ್ರೆ ಅದೂ ಬರಾಕಿಲ್ವಲ್ಲ" ಎಂದರು. ಬದುಕಿದರು ಎಂದು ನನಗೆ ಆಗ ಖಾತ್ರಿಯಾಯಿತು.

ನಮ್ಮ ಕಡೆಯ ಪಂಚಾಯಿತಿ ಬೇಗ ಮುಗಿಯಿತು. ಬೇರೆಯವಳು ಮುಟ್ಟಿದಳೆಂದು ಕೇಳಿ ಮಾವ ದಿಗಿಲಾಗಿ ನಮ್ಮ ಮಠದ ಅಯ್ಯನವರನ್ನು ಆಸ್ಪತ್ರೆಗೆ ಕರೆತಂದರು. ಅಯ್ಯನವರು ದಪ್ಪಗೆ, ನಗುಮುಖದ ಮನುಷ್ಯ. "ಲಿಂಗ ಕೆಳಗೆ ಬಿತ್ತಾ? ಇಲ್ಲ. ಆಯಮ್ಮ ಲಿಂಗ ಮುಟ್ಟಿದಳಾ? ಕೈ ಮುಟ್ಟಿದಳು. ಮತ್ತಿನ್ನೇನು? ಲಿಂಗ ಅಂಗ ಬಿಟ್ಟಿಲ್ಲ, ಏಳಿ" ಎಂದು ಹೇಳಿ, ಎಳನೀರು ಕುಡಿದು ಹೊರಟರು.

ಆದರೆ ಅವತ್ತಿನಿಂದ ಕತೆಯಮ್ಮ ವಾರ್ಡಿಗೆ ಬರಲಿಲ್ಲ. ಹೊಲಿಗೆ ಬಿಚ್ಚಿದ ಮೇಲೂ ಬರಲಿಲ್ಲ. "ಎಲ್ಲವ್ಳೆ? ಕುರಿಗೆ ಉತ್ತರ ಕೊಡ್ದೆ ತಲೆ ತಪ್ಪಿಸ್ಕೊಂಡ್ಲಾ?" ಎಂದು ಅತ್ತೆ ಕೇಳಿದರು. ಆಯಾ ತಗ್ಗಿದ ದನಿಯಲ್ಲಿ ಹೇಳಿದಳು: ಅವರ ಸಭೆಯ ಹಿರಿಯರೊಬ್ಬರು, ಸ್ಕೂಲು ಮೇಷ್ಟರು, ವಿಗ್ರಹಕ್ಕೆ ಸೇವೆ ಮಾಡಿದಳು ಎಂದು ದೂರು ಕೊಟ್ಟಿದ್ದಾರೆ. ಇವತ್ತು ಆರಾಧನೆ ಮುಗಿದ ಮೇಲೆ ವಿಚಾರಣೆ. ತಪ್ಪಾಯಿತು ಎಂದು ಎಲ್ಲರ ಮುಂದೆ ಹೇಳಬೇಕು, ಇಲ್ಲದಿದ್ದರೆ ಕೆಲಸವೂ ಇಲ್ಲ, ಕೋಣೆಯೂ ಇಲ್ಲ.

ಅತ್ತೆ ಮಂಚದಿಂದ ಇಳಿದರು. ನಾನು ಬೇಡವೆಂದೆ, ನರ್ಸು ಬೇಡವೆಂದಳು. ಹೊಟ್ಟೆಗೆ ಕೈ ಒತ್ತಿಕೊಂಡು, ನನ್ನ ಭುಜದ ಮೇಲೆ ಭಾರ ಬಿಟ್ಟು, ಎದುರಿನ ಪ್ರಾರ್ಥನಾ ಮಂದಿರದ ಜಗಲಿಯವರೆಗೂ ನಡೆದೇಬಿಟ್ಟರು.

ಜಗಲಿಯ ಮೇಲೆ ಪಾದ್ರಿಗಳು, ಬಿಳಿಯರಲ್ಲ, ನಮ್ಮ ಸೀಮೆಯವರೇ, ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಮೇಷ್ಟರು, ಒಂದು ಮೂಲೆಯಲ್ಲಿ ಕೆಂಪಗೆ ಡಾಕ್ಟರಮ್ಮ. ಕತೆಯಮ್ಮ ಕಂಬಕ್ಕೆ ಒರಗದೆ ನೆಟ್ಟಗೆ ನಿಂತಿದ್ದರು.

"ಮುಷ್ಟಿಯಲ್ಲಿ ಏನಿದೆ ಅಂತ ನಿಮಗೆ ಗೊತ್ತಿತ್ತೇ?" ಎಂದು ಮೇಷ್ಟರು ಕೇಳುತ್ತಿದ್ದರು.

"ಗೊತ್ತಿತ್ತು ಸಾ."

"ಅದು ದೇವರು ಅಂತ ನಂಬ್ತೀರೋ?"

"ಇಲ್ಲ."

"ಮತ್ತೆ ಹಿಡಿದದ್ದು ಯಾಕೆ? ಜಾರಿದ್ದರೆ ಜಾರುತ್ತಿತ್ತು. ಆಕೆಯ ಭ್ರಮೆ ಅಲ್ಲಿಗೇ ಹೋಗುತ್ತಿತ್ತು."

ಕತೆಯಮ್ಮ ಪುಸ್ತಕವನ್ನು ಕಂಕುಳಿಗೆ ಅವುಚಿಕೊಂಡರು. ಕೋಣೆ ಹೋದರೆ ಹೋಗಲು ಇನ್ನೊಂದು ಮನೆ ಇಲ್ಲದ ಹೆಂಗಸು. ಆದರೂ ಹೇಳಿದರು: "ಆ ಮುಷ್ಟಿ ಬಿಚ್ಚಲಿ ಅಂತ ನಾನು ದಿನಾ ಬೇಡ್ಕೊಂಡಿದೀನಿ ಸಾ. ಆದ್ರೆ ಬಿಚ್ಚೋದಾದ್ರೆ ಆಯಮ್ಮನೇ ಬಿಚ್ಬೇಕು. ಎಚ್ಚರದಲ್ಲಿ. ಮಂಪರಲ್ಲಿ ಇರೋರ ಕೈಯಿಂದ ಉದುರಿಸ್ಕೊಂಡ್ರೆ ಅದು ಕಳ್ತನ. ನಾಳೆ ಬಂದ್ರೂ ನಾನು ಹಿಡೀತೀನಿ."

ಆಗ ಅತ್ತೆ ಮೆಟ್ಟಿಲ ಬುಡದಿಂದಲೇ ಶುರುಮಾಡಿದರು.

"ಸಾ, ನಂದೊಂದು ಮಾತು. ಈಯಮ್ಮ ನಂಗೊಂದು ಕುರುಬನ ಕತೆ ಯೇಳವ್ಳೆ. ಮಂದೆ ಬುಟ್ಟು ಒಂದು ಕುರಿ ಇಂದೆ ಓದ್ನಂತಲ್ಲ ಅವನು. ನಿಮ್ಗೂ ಗೊತ್ತಿರ್ಬೇಕು."

"ಗೊತ್ತು ತಾಯಿ" ಎಂದರು ಪಾದ್ರಿಗಳು.

"ಅವನು ವಾಪಸ್ ಬಂದ್ ಮ್ಯಾಲೆ, ಯಾಕ್ ಓಗಿದ್ದೆ ಅಂತ ಯಾರಾನ ಅವನ್ನ ಇಂಗೇ ನಿಲ್ಸಿ ಪಂಚಾಯ್ತಿ ಮಾಡಿದ್ರಾ?"

ಪಾದ್ರಿಗಳು ಮೇಷ್ಟರ ಕಡೆ ನೋಡಿದರು. ಮೇಷ್ಟರು ತಮ್ಮ ಟೋಪಿಯನ್ನು ನೋಡಿಕೊಂಡರು. ಮೂಲೆಯಿಂದ ಡಾಕ್ಟರಮ್ಮ ಹೋ ಎಂದು ನಕ್ಕುಬಿಟ್ಟರು, ಪುಸ್ತಕದ ನಗುವಲ್ಲ, ನಮ್ಮ ಊರಿನ ನಗು. ಪಾದ್ರಿಗಳೂ ತಡೆಯಲಾರದೆ ನಕ್ಕರು. "ಇಲ್ಲ ತಾಯಿ, ಮಾಡಲಿಲ್ಲ. ಎಲ್ಲರನ್ನೂ ಕರೆದು ಊಟ ಹಾಕಿದ" ಎಂದು ಎದ್ದು ನಿಂತರು. ವಿಚಾರಣೆ ಅಲ್ಲಿಗೆ ಮುಗಿಯಿತು. ಮೇಷ್ಟರನ್ನೂ ಬಯ್ಯಬಾರದು, ಅವರು ತಮ್ಮ ದೇವರಿಗೆ ನಿಷ್ಠರಾಗಿದ್ದರು, ಅಷ್ಟೆ. ಆಮೇಲೆ ಅವರೇ ಒಂದು ಕುರ್ಚಿ ತಂದು ಅತ್ತೆಯನ್ನು ಕೂರಿಸಿ ಆಸ್ಪತ್ರೆಗೆ ಹೊರಿಸಿ ಕಳಿಸಿದರು. ಹೊರುವವರಲ್ಲಿ ತಾವೂ ಒಬ್ಬರಾದರು.

ಅತ್ತೆ ಮುಷ್ಟಿ ಬಿಚ್ಚಲಿಲ್ಲ, ಕತೆಯಮ್ಮ ಪುಸ್ತಕ ಬಿಡಲಿಲ್ಲ. ನಾವು ಊರಿಗೆ ಹೊರಟ ದಿನ ಕತೆಯಮ್ಮ ಇದ್ದಿಲ ಬಸ್ಸಿನವರೆಗೂ ಬಂದರು. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಇವತ್ತಾನ ಯೇಳ್ತೀಯೋ ಇಲ್ವೋ? ಆ ಉಳ್ದ ಕುರಿ ಏನಾದ್ವು?"

ಕತೆಯಮ್ಮ ಈ ಸಲ ಪುಸ್ತಕ ತೆರೆಯಲಿಲ್ಲ. ಅತ್ತೆಯ ಎಡಗೈಯನ್ನು ಕಿಟಕಿಯ ಮೇಲೆಯೇ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಏನೂ ಆಗ್ಲಿಲ್ಲಮ್ಮ. ಅವನು ಬರೋಗಂಟ ಪಕ್ಕದ ಹೊಲದೋರು ನೋಡ್ಕೊಂಡ್ರು."

ಅತ್ತೆ ಅವರನ್ನೇ ನೋಡಿದರು. ಬಸ್ಸಿನ ಆಳು ಹಿಂದಿನ ಡಬ್ಬದ ಚಕ್ರವನ್ನು ತಿರುವತೊಡಗಿದ. ಹೊಗೆ ಎಲ್ಲರ ಮುಖಕ್ಕೂ ಬಂತು.

"ಅಂಗ್ ಯೇಳು ಮತ್ತೆ" ಎಂದರು ಅತ್ತೆ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ಕಾಯಿ ಕೀಳೋ ಕಾಲಕ್ಕೆ ಮನೆಗ್ ಬಾ. ಅಡ್ಗೆ ನಮ್ದು, ಕತೆ ನಿಂದು."

ಕತೆಯಮ್ಮ ಬಂದರು. ಆ ವರ್ಷವೂ ಬಂದರು, ಆಮೇಲೂ ಬರುತ್ತಲೇ ಇದ್ದರು. ನಮ್ಮ ಜಗಲಿಯ ಕಂಬದ ಪಕ್ಕದ ಜಾಗಕ್ಕೆ ಮನೆಯವರೆಲ್ಲ ಈಗಲೂ ಕತೆಯಮ್ಮನ ಜಾಗ ಎಂದೇ ಹೇಳುತ್ತೇವೆ.